ಶವರಿನಲ್ಲಿ ಬಿಸಿನೀರು ಮಾತ್ರ ಸಣ್ಣಗೆ ಬಂದರೆ

ಅಪ್ಪ ಸ್ನಾನಕ್ಕೆ ಹೋದಾಗಲೆಲ್ಲ ನಾನು ಬಾಗಿಲಿನಾಚೆ ಕಿವಿಗೊಟ್ಟು ಕೂರುತ್ತಿದ್ದೆ. ಎಂಬತ್ತು ದಾಟಿದ ಅವರು ಸ್ಟೂಲಿನ ಮೇಲೆ ಕುಳಿತು ಶವರಿಗೆ ಬೆನ್ನು ಕೊಡುತ್ತಿದ್ದರು. ನೀರು ಬೀಳುವ ಸದ್ದು ಒಂದೇ ಸಮ ಕೇಳುತ್ತಿದ್ದರೆ ನನಗೆ ನೆಮ್ಮದಿ. ಕೆಲವು ತಿಂಗಳಲ್ಲಿ ಆ ಸದ್ದು ಬದಲಾಯಿತು. ನೆಲಕ್ಕೆ ಬಡಿಯುತ್ತಿದ್ದ ನೀರು ಸೋರುವ ಹಾಗೆ ಕೇಳತೊಡಗಿತು. ಒಂದು ದಿನ ಮೈಗೆ ಸೋಪು ಹಚ್ಚಿಕೊಂಡಿದ್ದಂತೆಯೇ ಅಪ್ಪ ಕೂಗಿದರು: "ನೀರು ಸಾಲುತ್ತಿಲ್ಲ ಕಣೋ, ಚಳಿಯಾಗುತ್ತಿದೆ."

ನೋಡಲು ಬಂದ ಮೊದಲನೆಯವರು ಶವರ್ ಬದಲಿಸಿದರು. ಎರಡನೆಯವರು ಪಂಪ್ ಕೂರಿಸಬೇಕು ಎಂದರು. ಮೂರನೆಯವರು ಗೀಸರ್ ಹಳೆಯದಾಯಿತು, ಹೊಸದು ಹಾಕಿಸಿ ಎಂದರು. ಮೂವರಲ್ಲಿ ಒಬ್ಬರೂ ಒಂದು ಬಕೆಟ್ ಇಟ್ಟು ನೀರನ್ನು ಅಳೆಯಲಿಲ್ಲ. ಕೊನೆಗೆ ನಾನೇ ಅಳೆದು ನೋಡಿದಾಗ ದೋಷ ಸಿಕ್ಕಿದ್ದು ಗೀಸರನ್ನು ಗೋಡೆಯ ಪೈಪಿಗೆ ಜೋಡಿಸುವ, ಒಂದೂವರೆ ಗೇಣು ಉದ್ದದ ಕನೆಕ್ಷನ್ ಪೈಪಿನಲ್ಲಿ. ಬದಲಿಸಲು ಇಪ್ಪತ್ತು ನಿಮಿಷ ಸಾಕಾಯಿತು. ಅಷ್ಟಕ್ಕಾಗಿ ಅಪ್ಪ ಅಷ್ಟು ದಿನ ನಡುಗುತ್ತ ಕುಳಿತಿದ್ದರಲ್ಲ ಎಂದು ನೆನೆದರೆ ಈಗಲೂ ಸಂಕಟವಾಗುತ್ತದೆ. ಆಮೇಲೆ ನೆಂಟರ, ಗೆಳೆಯರ ಮನೆಗಳಲ್ಲಿ ಇದೇ ತೊಂದರೆಯನ್ನು ಹಲವು ಬಾರಿ ಹುಡುಕಿಕೊಟ್ಟಿದ್ದೇನೆ. ಹುಡುಕುವ ಆ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಬಕೆಟ್ ಮತ್ತು ಗಡಿಯಾರ

ಸ್ಪ್ಯಾನರ್ ಹಿಡಿಯುವ ಮೊದಲು ಒಂದು ಬಕೆಟ್ ತೆಗೆದುಕೊಳ್ಳಿ. ಒಂದು ಲೀಟರ್ ಬಾಟಲಿಯಿಂದ ಐದು ಸಲ ನೀರು ಸುರಿದು, ಐದು ಲೀಟರ್ ಎಲ್ಲಿಗೆ ಬರುತ್ತದೋ ಅಲ್ಲಿ ಗೆರೆ ಎಳೆಯಿರಿ. ಬಕೆಟ್ಟನ್ನು ಶವರಿನ ಕೆಳಗಿಟ್ಟು ತಣ್ಣೀರನ್ನು ಮಾತ್ರ ಪೂರ್ತಿ ತಿರುಗಿಸಿ, ಗೆರೆ ಮುಟ್ಟಲು ಎಷ್ಟು ಸೆಕೆಂಡ್ ಹಿಡಿಯಿತು ಎಂದು ಬರೆದುಕೊಳ್ಳಿ. ಬಳಿಕ ಬಿಸಿನೀರನ್ನು ಮಾತ್ರ ಬಿಟ್ಟು ಹಾಗೆಯೇ ಅಳೆಯಿರಿ. ಕೈ ಸುಡದಂತೆ ದೂರ ನಿಲ್ಲಿ. 300ನ್ನು ಆ ಸೆಕೆಂಡುಗಳಿಂದ ಭಾಗಿಸಿದರೆ ನಿಮಿಷಕ್ಕೆ ಎಷ್ಟು ಲೀಟರ್ ಎಂಬುದು ಸಿಗುತ್ತದೆ.

ನಮ್ಮ ಮನೆಯಲ್ಲಿ ತಣ್ಣೀರಿಗೆ 33 ಸೆಕೆಂಡ್ ಹಿಡಿಯಿತು, ಬಿಸಿನೀರಿಗೆ 100 ಸೆಕೆಂಡ್. ಅಂದರೆ ತಣ್ಣೀರು ನಿಮಿಷಕ್ಕೆ ಒಂಬತ್ತು ಲೀಟರ್, ಬಿಸಿನೀರು ಮೂರು. ಈ ಎರಡು ಸಂಖ್ಯೆಗಳನ್ನು ನೋಡುತ್ತಿದ್ದಂತೆಯೇ ಶವರ್ ಬದಲಿಸಿದ್ದು ವ್ಯರ್ಥ ಎಂದು ಗೊತ್ತಾಯಿತು. ಬಿಸಿನೀರೂ ತಣ್ಣೀರೂ ಹೊರಬರುವುದು ಅದೇ ಶವರಿನ ಅದೇ ತೂತುಗಳಿಂದ. ತೂತು ಕಟ್ಟಿದ್ದರೆ ಎರಡೂ ಸೊರಗಬೇಕಿತ್ತು.

ಇನ್ನೂ ಎರಡು ಅಳತೆಗಳು ಬೇಕು. ಅದೇ ಗೀಸರಿನಿಂದ ನೀರು ಪಡೆಯುವ ಇನ್ನೊಂದು ನಲ್ಲಿಯಲ್ಲಿ, ವಾಷ್‌ಬೇಸಿನ್ನಿನದೋ ಬಕೆಟ್ ತುಂಬಿಸುವುದೋ, ತಣ್ಣೀರನ್ನೂ ಬಿಸಿನೀರನ್ನೂ ಬೇರೆಬೇರೆಯಾಗಿ ಅಳೆಯಿರಿ. ಬೇಸಿನ್ ನಲ್ಲಿಯ ಬಾಯಿಯಲ್ಲಿ ಜಾಲರಿ ಇದ್ದರೆ ಅದನ್ನು ತಿರುಗಿಸಿ ತೆಗೆದು ಅಳೆಯಿರಿ. ಇಲ್ಲದಿದ್ದರೆ ಜಾಲರಿಯ ಕಸ ಲೆಕ್ಕವನ್ನು ಕೆಡಿಸುತ್ತದೆ.

ಎಲ್ಲ ನಲ್ಲಿಗಳಲ್ಲಿ ಬಿಸಿನೀರೂ ತಣ್ಣೀರೂ ಎರಡೂ ಸಣ್ಣಗಿದ್ದರೆ ಗೀಸರಿನ ತಂಟೆಗೆ ಹೋಗಬೇಡಿ. ಟ್ಯಾಂಕಿನಲ್ಲಿ ನೀರು ಕಡಿಮೆಯಿರಬಹುದು, ಟ್ಯಾಂಕಿನಿಂದ ಇಳಿಯುವ ಪೈಪಿನ ಬಾಯಿಗೆ ಕೆಸರು ಕಟ್ಟಿರಬಹುದು, ಮುಖ್ಯ ವಾಲ್ವ್ ಅರ್ಧ ಮುಚ್ಚಿರಬಹುದು. ಹಳೆಯ ಗೇಟ್ ವಾಲ್ವ್‌ಗಳಲ್ಲಿ ಒಂದು ಮೋಸವಿದೆ: ಒಳಗಿನ ತಟ್ಟೆ ಕಳಚಿ ಕೆಳಗೇ ಉಳಿದುಬಿಟ್ಟಿರುತ್ತದೆ, ಮೇಲಿನ ಹಿಡಿ ಮಾತ್ರ ಸಲೀಸಾಗಿ ತಿರುಗುತ್ತದೆ. ಹಿಡಿ ಪೂರ್ತಿ ತೆರೆದಂತಿದೆ ಎಂದ ಮಾತ್ರಕ್ಕೆ ವಾಲ್ವ್ ತೆರೆದಿದೆ ಎಂದು ನಂಬಬೇಡಿ. ಶವರಿನಲ್ಲಿ ಮಾತ್ರ ಎರಡೂ ಸಣ್ಣಗಿದ್ದು ಬೇರೆ ನಲ್ಲಿಗಳು ಚೆನ್ನಾಗಿದ್ದರೆ ಆಗ ಶವರನ್ನು ಬಿಚ್ಚಿ, ಅದನ್ನು ಜೋಡಿಸಿದ್ದ ಬರಿಯ ಪೈಪಿನಿಂದ ಬರುವ ನೀರನ್ನು ಅಳೆದು ನೋಡಿ. ಅದು ಚೆನ್ನಾಗಿದ್ದರೆ ಶವರಿನ ತಟ್ಟೆಯನ್ನು ಬಿಳಿ ವಿನಿಗರ್ ಅಥವಾ ನೀರಿನಲ್ಲಿ ಕರಗಿಸಿದ ಸಿಟ್ರಿಕ್ ಆಮ್ಲದಲ್ಲಿ ಅರ್ಧ ಗಂಟೆ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ. ರಾತ್ರಿಯಿಡೀ ನೆನೆಹಾಕಿದರೆ ಮೇಲಿನ ಲೇಪ ಮಂಕಾಗುತ್ತದೆ.

ಬಿಸಿನೀರು ಮಾತ್ರ ಸೊರಗಿದ್ದರೆ ಮುಂದೆ ಓದಿ. ಅದು ಶವರಿನಲ್ಲಿ ಮಾತ್ರವೋ, ಎಲ್ಲ ಬಿಸಿನೀರಿನ ನಲ್ಲಿಗಳಲ್ಲೋ ಎಂಬುದರ ಮೇಲೆ ಹುಡುಕುವ ದಾರಿ ಕವಲೊಡೆಯುತ್ತದೆ.

ಗೀಸರಿಗೆ ಸ್ವಂತ ಬಲವಿಲ್ಲ

ಬಿಚ್ಚುವ ಮುನ್ನ ಒಂದು ವಿಷಯ ಮನಸ್ಸಿನಲ್ಲಿರಲಿ. ಸಂಗ್ರಹ ಗೀಸರ್ ಎಂದರೆ ಸದಾ ತುಂಬಿಯೇ ಇರುವ ಡಬ್ಬಿ. ಅದರೊಳಗೆ ನೀರನ್ನು ನೂಕುವ ಯಂತ್ರ ಯಾವುದೂ ಇಲ್ಲ. ನಾವು ಬಿಸಿನೀರಿನ ನಲ್ಲಿ ತಿರುಗಿಸಿದಾಗ ತಣ್ಣೀರು ಡಬ್ಬಿಯ ತಳಕ್ಕೆ ನುಗ್ಗುತ್ತದೆ, ಮೇಲೆ ನಿಂತಿದ್ದ ಬಿಸಿನೀರನ್ನು ಹೊರಗೆ ತಳ್ಳುತ್ತದೆ. ಬಿಸಿನೀರಿನ ರಭಸವೆಲ್ಲ ತಣ್ಣೀರು ಕೊಟ್ಟ ಸಾಲ. ದಾರಿಯಲ್ಲಿ ಅಡ್ಡಿಯಿದ್ದಷ್ಟೂ ಆ ಸಾಲ ಕರಗುತ್ತ ಹೋಗುತ್ತದೆ.

ಟ್ಯಾಂಕಿನಿಂದ ನೀರು ಬರುವ ಮನೆಗಳಲ್ಲಿ ಆ ಬಂಡವಾಳವೇ ಚಿಕ್ಕದು. ಹತ್ತು ಮೀಟರ್ ಎತ್ತರದ ನೀರಿನ ಕಂಬಕ್ಕೆ ಹೆಚ್ಚೂಕಡಿಮೆ ಒಂದು ಬಾರ್ ಒತ್ತಡ. ಟ್ಯಾಂಕಿನ ನೀರಿನ ಮಟ್ಟ ಶವರಿಗಿಂತ ಮೂರು ಮೀಟರ್ ಮೇಲಿದ್ದರೆ ಸಿಗುವುದು 0.3 ಬಾರ್ ಮಾತ್ರ. ಇಷ್ಟು ಕಡಿಮೆ ಒತ್ತಡದಲ್ಲಿ ಒಂದು ಚೂರು ಸುಣ್ಣದ ಹಕ್ಕಳೆ ಕೂಡ ಧಾರೆಯನ್ನು ಅರ್ಧಕ್ಕಿಳಿಸಬಲ್ಲದು. ಮೇಲಿನ ಮಹಡಿಯ ಸ್ನಾನದ ಮನೆಗಳಲ್ಲಿ ಈ ತೊಂದರೆ ಹೆಚ್ಚಾಗಿ ಕಾಣುವುದು ಇದರಿಂದಲೇ: ಟ್ಯಾಂಕಿಗೆ ಹತ್ತಿರವಾದಷ್ಟೂ ಒತ್ತಡ ಕಡಿಮೆ.

ಹಾಗೆಯೇ, ಬಿಸಿನೀರಿನ ದಾರಿ ಮಾತ್ರ ಕಟ್ಟಿಕೊಳ್ಳುವುದಕ್ಕೆ ಕಾರಣ ನೀರಿನೊಳಗೇ ಇದೆ. ಗಡಸು ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬನೇಟ್ ಕಾದಾಗ ಒಡೆದು ಕ್ಯಾಲ್ಸಿಯಂ ಕಾರ್ಬನೇಟ್ ಆಗುತ್ತದೆ, ಅಂದರೆ ಗಟ್ಟಿ ಸುಣ್ಣದ ಪದರ. ಸಕ್ಕರೆಯ ಹಾಗೆ ಬಿಸಿಯಲ್ಲಿ ಹೆಚ್ಚು ಕರಗುವ ವಸ್ತು ಇದಲ್ಲ, ಬಿಸಿಯೇರಿದಂತೆ ಕಡಿಮೆ ಕರಗುತ್ತದೆ. ಹಾಗಾಗಿ ತಣ್ಣೀರಿನ ಪೈಪು ಹತ್ತು ವರ್ಷವಾದರೂ ಸ್ವಚ್ಛವಾಗಿರುವ ಮನೆಯಲ್ಲಿಯೇ ಬಿಸಿನೀರಿನ ಕಡೆ ಬಿಳಿ ಪದರ ಕಟ್ಟುತ್ತದೆ.

ಶವರಿನಲ್ಲಿ ಮಾತ್ರ ಬಿಸಿನೀರು ಸಣ್ಣಗಿದ್ದರೆ

ಬೇಸಿನ್ನಿನಲ್ಲಿ ಬಿಸಿನೀರು ರಭಸವಾಗಿ ಬರುತ್ತಿದೆ, ಶವರಿನಲ್ಲಿ ಇಲ್ಲ ಎಂದರೆ ಗೀಸರ್ ನಿರಪರಾಧಿ. ದೋಷ ಬಿಸಿನೀರು, ತಣ್ಣೀರು ಎರಡನ್ನೂ ಬೆರೆಸಿ ಕೊಡುವ ನಲ್ಲಿಯಲ್ಲಿ, ಅಂದರೆ ಮಿಕ್ಸರಿನಲ್ಲಿದೆ ಅಥವಾ ಅದರ ಹಿಂದಿನ ತುಂಡು ಪೈಪಿನಲ್ಲಿದೆ.

ಒಂದೇ ಹಿಡಿಯ ಮಿಕ್ಸರ್ ಆದರೆ ಒಳಗೆ ಕಾರ್ಟ್ರಿಡ್ಜ್ ಎಂಬ ಗಿಡ್ಡ ಡಬ್ಬಿಯಿರುತ್ತದೆ. ಮೊದಲು ಬಿಸಿನೀರು, ತಣ್ಣೀರು ಎರಡರ ವಾಲ್ವನ್ನೂ ಮುಚ್ಚಿ. ಮಿಕ್ಸರಿಗೆಂದೇ ಬೇರೆ ವಾಲ್ವ್ ಇಲ್ಲದಿದ್ದರೆ ಮನೆಯ ಮುಖ್ಯ ವಾಲ್ವನ್ನೇ ಮುಚ್ಚಿ, ಹಿಡಿಯೆತ್ತಿ ಉಳಿದ ನೀರನ್ನು ಹರಿಯಬಿಡಿ. ಹಿಡಿಯ ಕೆಳಗೆ ಕೆಂಪು–ನೀಲಿ ಗುಂಡಿಯನ್ನು ಎಬ್ಬಿದರೆ ಸಣ್ಣ ತಿರುಪು ಕಾಣುತ್ತದೆ. ಆರು ಮೂಲೆಯ ಅಲೆನ್ ಕೀಲಿಯಿಂದ ಅದನ್ನು ಸಡಿಲಿಸಿ, ಹಿಡಿ ತೆಗೆದು, ಅದರಡಿಯ ಟೋಪಿ ತೆಗೆದು, ದೊಡ್ಡ ನಟ್ಟನ್ನು ತಿರುಗಿಸಿದರೆ ಕಾರ್ಟ್ರಿಡ್ಜ್ ಕೈಗೆ ಬರುತ್ತದೆ. ತೆಗೆಯುವ ಮುನ್ನ ಮೊಬೈಲಿನಲ್ಲಿ ಒಂದು ಫೋಟೊ ತೆಗೆದುಕೊಳ್ಳಿ. ಅದು ಯಾವ ದಿಕ್ಕಿಗೆ ಕೂತಿತ್ತು ಎಂಬುದು ಹತ್ತು ನಿಮಿಷದಲ್ಲಿ ಮರೆತುಹೋಗುತ್ತದೆ.

ಕಾರ್ಟ್ರಿಡ್ಜನ್ನು ತಲೆಕೆಳಗು ಮಾಡಿ ನೋಡಿ. ಸಾಮಾನ್ಯವಾಗಿ ಮೂರು ತೂತುಗಳಿರುತ್ತವೆ: ಒಂದು ಬಿಸಿನೀರಿಗೆ, ಒಂದು ತಣ್ಣೀರಿಗೆ, ಒಂದು ಹೊರಹೋಗಲು. ಗೆಳೆಯನೊಬ್ಬನ ಮನೆಯಲ್ಲಿ ಬಿಸಿನೀರಿನ ತೂತಿಗೆ ಅಡ್ಡಲಾಗಿ ಉಗುರಿನ ಗಾತ್ರದ ಬಿಳಿ ಹಾಳೆಯೊಂದು ಅಂಟಿ ಕುಳಿತಿತ್ತು. ಸುಣ್ಣ ಎಂದುಕೊಂಡು ಕೆರೆದರೆ ಅದು ಮೆತ್ತಗೆ ಎಳೆಯೆಳೆಯಾಗಿ ಬಂತು. ಪೈಪ್ ಜೋಡಿಸುವಾಗ ಸುತ್ತಿದ್ದ ಟೆಫ್ಲಾನ್ ಟೇಪಿನ ತುಂಡು. ಜೋಡಿಸಿದವರು ಟೇಪನ್ನು ಪೈಪಿನ ತಿರುಪುಗೆರೆಗಳ ತುದಿಯಾಚೆಗೂ ಸುತ್ತಿದರೆ ಹೆಚ್ಚುಳಿದ ಭಾಗ ಹರಿದು, ನೀರಿನೊಂದಿಗೆ ಹೋಗಿ ಮೊದಲ ಇಕ್ಕಟ್ಟಿನಲ್ಲಿ ಸಿಕ್ಕಿಕೊಳ್ಳುತ್ತದೆ. ಇಂಥ ಕಸ ಕಂಡರೆ ತೆಗೆಯಿರಿ. ಸುಣ್ಣವಾದರೆ ವಿನಿಗರಿನಲ್ಲಿ ನೆನೆಸಿ. ಒಳಗಿನ ಸೆರಾಮಿಕ್ ಬಿಲ್ಲೆಗಳನ್ನು ಸೂಜಿ ಅಥವಾ ಚಾಕುವಿನಿಂದ ಕೆರೆಯಬೇಡಿ, ಗೀರು ಬಿದ್ದರೆ ಆಮೇಲೆ ಸದಾ ತೊಟ್ಟಿಕ್ಕುತ್ತದೆ. ಮತ್ತೆ ಕೂರಿಸುವ ಮೊದಲು ಮಿಕ್ಸರಿನ ಬಾಯಿಗೆ ದಪ್ಪ ಬಟ್ಟೆ ಹಿಡಿದು ವಾಲ್ವನ್ನು ಒಂದೇ ಕ್ಷಣ ತೆರೆದು ಮುಚ್ಚಿ, ಗೂಡಿನಲ್ಲಿ ಉಳಿದ ಕಸ ಹೊರಬರುತ್ತದೆ. ಬಿಸಿನೀರಿನ ಕಡೆ ಇದನ್ನು ಗೀಸರ್ ತಣ್ಣಗಿದ್ದಾಗಲೇ ಮಾಡಿ.

ಅನೇಕ ಕಾರ್ಟ್ರಿಡ್ಜ್‌ಗಳ ನೆತ್ತಿಯಲ್ಲಿ ಹಲ್ಲುಗಳಿರುವ ಪ್ಲಾಸ್ಟಿಕ್ ಉಂಗುರ ಇರುತ್ತದೆ. ಮಕ್ಕಳಿಗೆ ನೀರು ಸುಡದಿರಲೆಂದು ಹಿಡಿ ಬಿಸಿಯ ಕಡೆ ಪೂರ್ತಿ ತಿರುಗದಂತೆ ತಡೆಯುವ ಉಂಗುರ ಅದು. ಅದು ತೀರಾ ಬಿಗಿಯಾಗಿ ಕೂತಿದ್ದರೆ ಬಿಸಿನೀರಿನ ತೂತು ಅರ್ಧವೇ ತೆರೆಯುತ್ತದೆ. ಉಷ್ಣತೆಯನ್ನು ತಾನೇ ಹಿಡಿದಿಡುವ ಥರ್ಮೋಸ್ಟಾಟಿಕ್ ಮಿಕ್ಸರಿನಲ್ಲಿ ಹಿಡಿ ಸಾಮಾನ್ಯವಾಗಿ 38 ಡಿಗ್ರಿಗೆ ನಿಲ್ಲುತ್ತದೆ, ಗುಂಡಿಯೊತ್ತಿದರೆ ಮಾತ್ರ ಮುಂದೆ ಹೋಗುತ್ತದೆ. ಅದರ ಎರಡೂ ಒಳಬಾಯಿಗಳಲ್ಲಿ ಜಾಲರಿಯೂ ನೀರು ಹಿಂದಿರುಗದಂತೆ ತಡೆಯುವ ಪುಟ್ಟ ವಾಲ್ವೂ ಇರುತ್ತವೆ. ಬಿಸಿಯ ಕಡೆಯ ಜಾಲರಿಯನ್ನು ತೊಳೆಯುವುದರಿಂದಲೇ ಎಷ್ಟೋ ಮನೆಗಳಲ್ಲಿ ಕೆಲಸ ಮುಗಿಯುತ್ತದೆ. ಎರಡು ಹಿಡಿಗಳ ಗೋಡೆ ಮಿಕ್ಸರ್ ಆದರೆ ಗೋಡೆಯಿಂದ ಹೊರಟ ಸೊಟ್ಟ ಕಾಲುಗಳ ನಟ್ಟಿನೊಳಗೆ ಜಾಲರಿಯ ವಾಷರ್ ಇದೆಯೇ ನೋಡಿ.

ಮಿಕ್ಸರ್ ಬಗ್ಗೆ ಇನ್ನೊಂದು ಪರೀಕ್ಷೆ. ಗೀಸರಿನ ಸ್ವಿಚ್ ಆರಿಸಿ, ಗೀಸರಿಗೆ ನೀರು ಬಿಡುವ ಆಂಗಲ್ ಕಾಕ್ ಮುಚ್ಚಿ, ಬೇಸಿನ್ನಿನ ಬಿಸಿನೀರಿನ ನಲ್ಲಿ ತೆರೆಯಿರಿ. ಕೆಲವು ಸೆಕೆಂಡಿನಲ್ಲಿ ನೀರು ನಿಲ್ಲಬೇಕು. ನಿಲ್ಲದೆ ತಣ್ಣೀರು ಹರಿಯುತ್ತಲೇ ಇದ್ದರೆ ಯಾವುದೋ ಮಿಕ್ಸರಿನೊಳಗೆ ತಣ್ಣೀರು ಬಿಸಿನೀರಿನ ದಾರಿಗೆ ಹಾದುಹೋಗುತ್ತಿದೆ ಎಂದರ್ಥ. ತಣ್ಣೀರಿಗೆ ಮಾತ್ರ ಪಂಪ್ ಹಾಕಿಸಿ, ಬಿಸಿನೀರನ್ನು ಟ್ಯಾಂಕಿನ ಒತ್ತಡಕ್ಕೇ ಬಿಟ್ಟ ಮನೆಗಳಲ್ಲಿ ಇದು ಬಹಳ. ಬಲವಾದ ತಣ್ಣೀರು ದುರ್ಬಲ ಬಿಸಿನೀರನ್ನು ಮಿಕ್ಸರಿನಲ್ಲೇ ಹಿಂದಕ್ಕೆ ಒತ್ತಿಬಿಡುತ್ತದೆ. ಎರಡಕ್ಕೂ ಒಂದೇ ಒತ್ತಡ ಸಿಗುವಂತೆ ಮಾಡದೆ ಯಾವ ಶವರ್ ಬದಲಿಸಿದರೂ ಪ್ರಯೋಜನವಿಲ್ಲ.

ಎಲ್ಲ ಬಿಸಿನೀರಿನ ನಲ್ಲಿಗಳೂ ಸೊರಗಿದ್ದರೆ

ನಮ್ಮ ಮನೆಯ ಕಥೆ ಇದೇ. ಬೇಸಿನ್ನಿನಲ್ಲೂ ಬಿಸಿನೀರು ಸಣ್ಣಗಿತ್ತು. ಹಾಗಾದರೆ ಅಡ್ಡಿ ಇರುವುದು ಎಲ್ಲರಿಗೂ ಸೇರಿದ ದಾರಿಯಲ್ಲಿ: ಆಂಗಲ್ ಕಾಕ್, ಒಳಬರುವ ಕನೆಕ್ಷನ್ ಪೈಪ್, ಸೇಫ್ಟಿ ವಾಲ್ವ್, ಗೀಸರ್, ಹೊರಹೋಗುವ ಕನೆಕ್ಷನ್ ಪೈಪ್, ಗೋಡೆಯೊಳಗಿನ ಪೈಪ್.

ಮೊದಲು ಮಾಡಬೇಕಾದದ್ದು ವಿದ್ಯುತ್ತನ್ನು ಎಂ.ಸಿ.ಬಿ.ಯಲ್ಲೇ, ಅಂದರೆ ಮನೆಯ ವಿದ್ಯುತ್ ಫಲಕದಲ್ಲಿರುವ ಸ್ವಿಚ್ಚಿನಲ್ಲೇ, ಆರಿಸುವುದು. ಸ್ನಾನದ ಮನೆಯ ಸ್ವಿಚ್ ಮಾತ್ರ ಆರಿಸಿದರೆ ಸಾಲದು. ನೀರು, ಲೋಹ, ಒದ್ದೆ ಕೈ ಮೂರೂ ಒಂದೆಡೆ ಇರುವ ಕೆಲಸ ಇದು. ಆಮೇಲೆ ಬಿಸಿನೀರಿನ ನಲ್ಲಿಯನ್ನು ತೆರೆದು, ಒಳಗಿನ ಬಿಸಿನೀರೆಲ್ಲ ಹೋಗಿ ತಣ್ಣೀರು ಬರುವವರೆಗೆ ಹರಿಸಿ. ಅರವತ್ತು ಡಿಗ್ರಿಯ ನೀರು ಚರ್ಮವನ್ನು ಸುಡಲು ಕೆಲವೇ ಸೆಕೆಂಡು ಸಾಕು. ವಯಸ್ಸಾದವರ, ಮಕ್ಕಳ ಚರ್ಮಕ್ಕೆ ಇನ್ನೂ ಕಡಿಮೆ.

ನೀರು ಪೂರ್ತಿ ತಣ್ಣಗಾದ ಮೇಲೆ ಬಿಸಿನೀರಿನ ದಾರಿಯಲ್ಲೇ ಮತ್ತೊಮ್ಮೆ ಬಕೆಟ್ ತುಂಬಿಸಿ ಅಳೆಯಿರಿ. ಇದು ನನಗೆ ತುಂಬ ಪ್ರಿಯವಾದ ಪರೀಕ್ಷೆ, ಯಾಕೆಂದರೆ ಏನನ್ನೂ ಬಿಚ್ಚದೆ ಅರ್ಧ ಉತ್ತರ ಕೊಡುತ್ತದೆ. ಬಿಸಿಯಿದ್ದಾಗಲೂ ತಣ್ಣಗಿದ್ದಾಗಲೂ ಧಾರೆ ಅಷ್ಟೇ ಇದ್ದರೆ ಅಡ್ಡಿ ಗಟ್ಟಿ ವಸ್ತು: ಸುಣ್ಣ, ತುಕ್ಕು, ಅರ್ಧ ಮುಚ್ಚಿದ ಕಾಕ್. ತಣ್ಣಗಾದಾಗ ಧಾರೆ ಹೆಚ್ಚಿದರೆ ಅಡ್ಡಿ ಬಹುಮಟ್ಟಿಗೆ ರಬ್ಬರು. ಬಿಸಿಗೆ ರಬ್ಬರು ಹಿಗ್ಗಿ ಮೆದುವಾಗಿ ದಾರಿ ಮುಚ್ಚುತ್ತದೆ, ತಣಿದಾಗ ಮತ್ತೆ ಸ್ವಲ್ಪ ತೆರೆದುಕೊಳ್ಳುತ್ತದೆ. ನಮ್ಮಲ್ಲಿ ಬಿಸಿಯಿದ್ದಾಗ ಮೂರು ಲೀಟರ್, ತಣ್ಣಗಾದ ಮೇಲೆ ಐದೂವರೆ. ಅಪ್ಪ ಸ್ನಾನಕ್ಕೆ ಕುಳಿತ ಮೊದಲ ನಿಮಿಷ ನೀರು ಪರವಾಗಿಲ್ಲ ಎನ್ನುವಂತಿದ್ದು ಆಮೇಲೆ ಸಣ್ಣಗಾಗುತ್ತಿದ್ದುದು ಯಾಕೆಂದು ಆಗ ಹೊಳೆಯಿತು. ಅವರು ಅದನ್ನು ಎಷ್ಟೋ ಸಲ ಹೇಳಿದ್ದರು, ನಾವು ಯಾರೂ ಅದನ್ನು ಸುಳಿವೆಂದು ಎಣಿಸಿರಲಿಲ್ಲ. ಹಳೆಯ ಮಾದರಿಯ, ಬಹಳ ಸುತ್ತು ತಿರುಗಿಸಬೇಕಾದ ನಲ್ಲಿಗಳ ರಬ್ಬರ್ ವಾಷರ್ ಕೂಡ ಇದೇ ಆಟ ಆಡುತ್ತದೆ.

ಈಗ ದಾರಿಯನ್ನು ನಡುವೆ ತುಂಡರಿಸಿ ನೋಡಬೇಕು. ಆಂಗಲ್ ಕಾಕ್ ಮುಚ್ಚಿ. ಗೀಸರಿನಲ್ಲಿ ನೀಲಿ ಗುರುತು ಒಳಬರುವ ನೀರಿಗೆ, ಕೆಂಪು ಗುರುತು ಹೊರಹೋಗುವ ನೀರಿಗೆ. ಕೆಂಪು ಕಡೆಯ ಕನೆಕ್ಷನ್ ಪೈಪನ್ನು ಗೀಸರಿನ ಬಳಿ ಬಿಚ್ಚಿ. ಒಂದು ಸ್ಪ್ಯಾನರಿನಿಂದ ಗೀಸರಿನಿಂದ ಚಾಚಿದ ಗಿಡ್ಡ ಕೊಳವೆಯನ್ನು ಅಲುಗದಂತೆ ಹಿಡಿದು ಇನ್ನೊಂದರಿಂದ ನಟ್ ತಿರುಗಿಸಿ, ಇಲ್ಲದಿದ್ದರೆ ಕೊಳವೆಯೇ ತಿರುಗಿ ಒಳಗಿನ ಬೆಸುಗೆ ಬಿಡಬಹುದು. ಸ್ವಲ್ಪ ನೀರು ಬೀಳುತ್ತದೆ, ಗಾಬರಿಯಾಗಬೇಡಿ. ಗೋಡೆಗೆ ನಿಲುವಾಗಿ ತೂಗುವ ಗೀಸರಿನಲ್ಲಿ ಹೊರಹೋಗುವ ಪೈಪು ಒಳಗಡೆ ಮೇಲಿನವರೆಗೂ ಏರಿರುತ್ತದೆ, ಹಾಗಾಗಿ ಅಲ್ಲಿಂದ ಡಬ್ಬಿ ಪೂರ್ತಿ ಬರಿದಾಗುವುದಿಲ್ಲ. ಬಕೆಟ್ಟನ್ನು ಆ ಬಾಯಿಯ ಕೆಳಗೆ ಹಿಡಿದು ಇನ್ನೊಬ್ಬರಿಂದ ಕಾಕ್ ತೆರೆಸಿ. ಗೀಸರ್ ಎಷ್ಟು ನೀರು ಕೊಡುತ್ತಿದೆ ಎಂಬುದು ಈಗ ಕಣ್ಣಿಗೇ ಕಾಣುತ್ತದೆ. ಧಾರೆ ದಪ್ಪಗಿದ್ದರೆ ಅಡ್ಡಿ ಮುಂದಿದೆ, ಸಣ್ಣಗಿದ್ದರೆ ಹಿಂದಿದೆ.

ನಮ್ಮ ಗೀಸರಿನಿಂದ ನೀರು ಭೋರೆಂದು ಸುರಿದು ನನ್ನ ತೋಳು ಒದ್ದೆಯಾಯಿತು. ಬದಲಿಸಬೇಕು ಎಂದು ತೀರ್ಪಾಗಿದ್ದ ಗೀಸರ್ ಅದು. ಹಾಗಾದರೆ ದೋಷ ಕೈಯಲ್ಲಿ ಹಿಡಿದ ಪೈಪಿನಲ್ಲೇ ಇರಬಹುದೆಂದು ಅದರ ಇನ್ನೊಂದು ತುದಿಯನ್ನೂ ಬಿಚ್ಚಿದೆ. ಹೊರಗೆ ಹೆಣೆದ ಉಕ್ಕಿನ ತಂತಿ ಹೊಸದರಂತೆ ಹೊಳೆಯುತ್ತಿತ್ತು, ಒಂದು ಎಳೆಯೂ ಕಿತ್ತಿರಲಿಲ್ಲ. ಕಿಟಕಿಯ ಬೆಳಕಿಗೆ ಹಿಡಿದು ಒಂದು ಕಣ್ಣಿನಿಂದ ಒಳಗೆ ನೋಡಿದೆ. ದುಂಡಗಿನ ಬೆಳಕು ಕಾಣಬೇಕಾದಲ್ಲಿ ಪೆನ್ಸಿಲ್ಲಿನ ಸೀಸದಷ್ಟು ಅಂಕುಡೊಂಕು ಬಿರುಕು ಕಂಡಿತು. ಊದಿದರೆ ಗಾಳಿ ಸಿಳ್ಳೆಯ ಹಾಗೆ ಹೋಯಿತು. ಹಳೆಯ ಬ್ಲೇಡಿನಿಂದ ಅದನ್ನು ಉದ್ದಕ್ಕೆ ಸೀಳಿದಾಗ ಒಳಗಿನ ಕಪ್ಪು ರಬ್ಬರಿನ ಕೊಳವೆ ಒಂದು ಕಡೆ ತಂತಿಯ ಹೆಣಿಗೆಯಿಂದ ಬಿಟ್ಟು, ಗುಳ್ಳೆಯೆದ್ದು ಒಳಕ್ಕೆ ಉಬ್ಬಿತ್ತು. ಬೆರಳಲ್ಲಿ ಒತ್ತಿದರೆ ಕಪ್ಪು ಮಸಿ ಅಂಟುತ್ತಿತ್ತು. ಅಪ್ಪನ ಟವೆಲ್ಲಿನ ಮೇಲೆ ಆಗಾಗ ಕಾಣುತ್ತಿದ್ದ ಕಪ್ಪು ಚುಕ್ಕೆಗಳು ಯಾವುವೆಂದು ಅದೇ ಹೇಳಿತು. ಬಿಸಿನೀರಿನಲ್ಲಿ ಕಪ್ಪು ಕಣ ಕಂಡರೆ ರಬ್ಬರನ್ನು ಅನುಮಾನಿಸಿ.

ಹೊಸ ಕನೆಕ್ಷನ್ ಪೈಪ್ ಹಾಕುವಾಗ ಬಿಸಿನೀರಿಗೆ ತಕ್ಕದ್ದೇ ಎಂದು ಕೇಳಿ ಪಡೆಯಿರಿ. ಒಳಗಿನ ರಂಧ್ರ ದೊಡ್ಡದಿರುವುದನ್ನು ಆರಿಸಿ. ಹೊರಗೆ ಒಂದೇ ಗಾತ್ರ ಕಂಡರೂ ಒಳಗೆ ಬಹಳ ವ್ಯತ್ಯಾಸವಿರುತ್ತದೆ. ಉದ್ದ ಸರಿಯಾಗಿರಲಿ. ತೀರಾ ಉದ್ದದ್ದು ಮಡಿಚಿಕೊಳ್ಳುತ್ತದೆ, ತೀರಾ ಗಿಡ್ಡದ್ದು ಬಿಗಿದು ನಟ್ಟಿನ ಬಳಿ ಸೀಳುತ್ತದೆ. ನಟ್ಟನ್ನು ಕೈಯಲ್ಲಿ ಬಿಗಿದ ಮೇಲೆ ಸ್ಪ್ಯಾನರಿನಲ್ಲಿ ಕಾಲು ಸುತ್ತು ಸಾಕು, ಒಳಗೆ ವಾಷರ್ ಇದ್ದೇ ಇದೆ. ಬಲ ಹಾಕಿದರೆ ವಾಷರ್ ಹಿಂಡಿ ಒಳಕ್ಕೆ ಚಾಚಿ ತಾನೇ ಅಡ್ಡಿಯಾಗುತ್ತದೆ. ಹೊರಹೋಗುವ ಪೈಪ್ ಕೆಟ್ಟಿದ್ದರೆ ಒಳಬರುವುದನ್ನೂ ಆಗಲೇ ಬದಲಿಸಿಬಿಡಿ.

ಗೀಸರಿನಿಂದಲೇ ಧಾರೆ ಸಣ್ಣಗೆ ಬಂದರೆ ಹಿಂದಕ್ಕೆ ಹೋಗಿ. ಆಂಗಲ್ ಕಾಕ್ ಪೂರ್ತಿ ತೆರೆದಿದೆಯೇ? ಗೀಸರ್ ಶುಚಿ ಮಾಡಲು ಬಂದವರು ಅರ್ಧ ತೆರೆದು ಹೋಗಿರುವುದನ್ನು ನಾನೇ ಎರಡು ಮನೆಗಳಲ್ಲಿ ಕಂಡಿದ್ದೇನೆ. ಮುಂದಿನದು ನೀಲಿ ಕಡೆಯಲ್ಲಿ ಕೂತ ಸೇಫ್ಟಿ ವಾಲ್ವ್. ಅದರ ಮೈಮೇಲೆ ನೀರು ಹೋಗುವ ದಿಕ್ಕಿಗೆ ಬಾಣವಿರುತ್ತದೆ. ಒಳಗೆ ಸ್ಪ್ರಿಂಗಿಗೆ ಒರಗಿದ ತಟ್ಟೆ ನೀರನ್ನು ಒಳಗೆ ಬಿಟ್ಟು ಹಿಂದಿರುಗದಂತೆ ತಡೆಯುತ್ತದೆ. ಸುಣ್ಣ ಕಟ್ಟಿದರೆ ತಟ್ಟೆ ಪೂರ್ತಿ ಹಿಂದೆ ಸರಿಯುವುದಿಲ್ಲ. ವಾಲ್ವ್ ಬಿಚ್ಚಿದರೆ ಡಬ್ಬಿಯ ನೀರು ಅಲ್ಲಿಂದ ಹೊರಬರುತ್ತದೆ, ದೊಡ್ಡ ಬಕೆಟ್ ಇಟ್ಟುಕೊಳ್ಳಿ. ಬೆರಳಿನಿಂದ ತಟ್ಟೆಯನ್ನು ಒತ್ತಿ: ಸಲೀಸಾಗಿ ಒಳಹೋಗಿ ತಾನಾಗಿ ಹಿಂದೆ ಬರಬೇಕು. ತಡವರಿಸಿದರೆ ಹೊಸದು ಹಾಕಿ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಧಾರೆ ಹೆಚ್ಚುತ್ತದೆಂದು ಸೇಫ್ಟಿ ವಾಲ್ವನ್ನು ತೆಗೆದುಹಾಕಬೇಡಿ, ಅದು ತೊಟ್ಟಿಕ್ಕುತ್ತದೆಂದು ಅದರ ಬಾಯಿ ಮುಚ್ಚಬೇಡಿ. ಇಪ್ಪತ್ತೈದು ಲೀಟರ್ ನೀರು 20 ಡಿಗ್ರಿಯಿಂದ 60 ಡಿಗ್ರಿಗೆ ಕಾದರೆ ಸುಮಾರು 375 ಮಿಲಿಲೀಟರಿನಷ್ಟು ಹಿಗ್ಗುತ್ತದೆ. ಹಿಂದಿರುಗುವ ದಾರಿ ಮುಚ್ಚಿರುವ ಆ ನೀರಿಗೆ ಹೊರಬರಲು ಇರುವುದು ಅದೊಂದೇ ಬಾಯಿ. ಕಾಯುವಾಗ ನಾಲ್ಕು ಹನಿ ಬೀಳುವುದು ಅದು ಬದುಕಿದೆ ಎಂಬುದರ ಗುರುತು. ಮುಚ್ಚಿದರೆ ಡಬ್ಬಿಯೇ ಸಿಡಿಯಬಹುದು.

ಕಾಕ್, ಪೈಪ್, ವಾಲ್ವ್ ಮೂರೂ ಸರಿಯಿದ್ದರೆ ಉಳಿಯುವುದು ಗೀಸರಿನ ಒಡಲು. ಒಳಗಿನ ಸುಣ್ಣ ಹೊರಹೋಗುವ ಪೈಪಿನ ಬಾಯಿಯನ್ನು ಮುಚ್ಚಿರುತ್ತದೆ, ಇಲ್ಲವೇ ಒಳಬರುವ ಬಾಯಿ ತಳದ ಹಕ್ಕಳೆಗಳಲ್ಲಿ ಹೂತಿರುತ್ತದೆ. ಕಾಯುವಾಗ ಕಲ್ಲು ಕುದಿಯುವ ಹಾಗೆ ಗುಡುಗುಡು ಸದ್ದು, ಮೊದಲಿಗಿಂತ ಹೆಚ್ಚು ಹೊತ್ತು ಕಾಯಬೇಕಾಗುವುದು ಇದರ ಲಕ್ಷಣ. ಇದನ್ನು ಬಿಚ್ಚಿ, ನೀರು ಕಾಯಿಸುವ ಕಾಯಿಲ್ ತೆಗೆದು ತೊಳೆಯುವುದನ್ನು ತಿಳಿದವರಿಗೇ ಬಿಡಿ. ಸೋರದಂತೆ ನಡುವೆ ಇಡುವ ರಬ್ಬರ್ ಗ್ಯಾಸ್ಕೆಟ್ ಸರಿಯಾಗಿ ಕೂರದಿದ್ದರೆ ನೀರು ವಿದ್ಯುತ್ ತಂತಿಗಳ ಮೇಲೆ ಸೋರುತ್ತದೆ. ಅವರು ಬಂದಾಗ ಮೆಗ್ನೀಷಿಯಂ ಸರಳು ಎಷ್ಟು ಉಳಿದಿದೆ ಎಂದು ತೋರಿಸಲು ಹೇಳಿ. ಡಬ್ಬಿಗೆ ತುಕ್ಕು ಹಿಡಿಯುವ ಬದಲು ತಾನು ಸವೆಯುವ ಸರಳು ಅದು. ತಂತಿಯಷ್ಟು ತೆಳ್ಳಗಾಗಿದ್ದರೆ ಬದಲಿಸಬೇಕು. ಥರ್ಮೋಸ್ಟಾಟನ್ನು 60 ಡಿಗ್ರಿಯ ಆಸುಪಾಸಿಗೆ ನಿಲ್ಲಿಸಿದರೆ ಸುಣ್ಣ ಕಟ್ಟುವುದು ನಿಧಾನವಾಗುತ್ತದೆ. ಅದಕ್ಕಿಂತ ಬಹಳ ಕೆಳಗಿಳಿಸಬೇಡಿ: ಬೆಚ್ಚಗೆ ನಿಂತ ನೀರಿನಲ್ಲಿ ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತದೆ.

ಕಡಿಮೆ ಕಾಣುವ ಇತರ ಕಾರಣಗಳು

ನೀರು ಬಿಟ್ಟು ಬಿಟ್ಟು, ಉಗುಳಿದ ಹಾಗೆ ಬಂದರೆ ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡಿದೆ. ಸೌರ ಹೀಟರ್ ಇರುವ ಮನೆಗಳಲ್ಲಿ, ಟ್ಯಾಂಕ್ ಬರಿದಾಗಿ ಮತ್ತೆ ತುಂಬಿದ ದಿನ ಇದು ಸಾಮಾನ್ಯ. ಪೈಪು ಎಲ್ಲಾದರೂ ಏರಿ ಇಳಿದಿದ್ದರೆ ಆ ಗೂನಿನಲ್ಲಿ ಗಾಳಿ ನಿಲ್ಲುತ್ತದೆ, ಕಡಿಮೆ ಒತ್ತಡದ ನೀರಿಗೆ ಅದನ್ನು ತಳ್ಳುವ ಬಲವಿರುವುದಿಲ್ಲ. ಎಲ್ಲಕ್ಕಿಂತ ಕೆಳಗಿರುವ ಬಿಸಿನೀರಿನ ನಲ್ಲಿಯನ್ನು ಪೂರ್ತಿ ತೆರೆದು ಕೆಲವು ನಿಮಿಷ ಬಿಡಿ. ಆಗದಿದ್ದರೆ ಎರಡು ಹಿಡಿಗಳ ಮಿಕ್ಸರಿನ ಬಾಯಿಯನ್ನು ಅಂಗೈಯಿಂದ ಬಿಗಿಯಾಗಿ ಮುಚ್ಚಿ, ಬಿಸಿನೀರಿನ ಹಿಡಿ ತೆರೆದು, ತಣ್ಣೀರಿನ ಹಿಡಿಯನ್ನು ನಿಧಾನವಾಗಿ ತೆರೆಯಿರಿ. ಬೇರೆ ದಾರಿಯಿಲ್ಲದ ತಣ್ಣೀರು ಬಿಸಿನೀರಿನ ಪೈಪಿನಲ್ಲಿ ಹಿಂದಕ್ಕೆ ನುಗ್ಗಿ ಗಾಳಿಯನ್ನು ಮೇಲಕ್ಕೆ ಒಯ್ಯುತ್ತದೆ. ಅರ್ಧ ನಿಮಿಷ ಸಾಕು. ಮೇಲೆ ಗಾಳಿ ಹೊರಹೋಗುವ ಪೈಪು ತೆರೆದಿರುವ ವ್ಯವಸ್ಥೆಯಲ್ಲಿ ಮಾತ್ರ ಇದನ್ನು ಮಾಡಿ.

ತತ್‌ಕ್ಷಣ ಬಿಸಿ ಮಾಡುವ ಸಣ್ಣ ವಿದ್ಯುತ್ ಹೀಟರ್ ಇದ್ದರೆ ದೋಷವನ್ನು ಹುಡುಕುವ ಮೊದಲು ಲೆಕ್ಕ ಹಾಕಿ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 4.2 ಕಿಲೋಜೂಲ್ ಬೇಕು, 25 ಡಿಗ್ರಿ ಏರಿಸಲು 105. ಮೂರು ಕಿಲೋವ್ಯಾಟಿನ ಹೀಟರಿಗೆ ಅದಕ್ಕೆ 35 ಸೆಕೆಂಡ್ ಹಿಡಿಯುತ್ತದೆ, ಅಂದರೆ ನಿಮಿಷಕ್ಕೆ 1.7 ಲೀಟರ್. ಶವರಿಗೆ ಅದು ಎಂದೂ ಸಾಲದು, ಹೀಟರ್ ಕೆಟ್ಟಿಲ್ಲದಿದ್ದರೂ. ನೀರನ್ನು ಹೆಚ್ಚು ಬಿಟ್ಟರೆ ಉಗುರುಬೆಚ್ಚಗಷ್ಟೇ ಬರುತ್ತದೆ. ಅನಿಲದ ಹೀಟರಿಗೆ ಬಲ ಹೆಚ್ಚು, ಆದರೆ ನೀರಿನ ಹರಿವು ಒಂದು ಮಟ್ಟಕ್ಕಿಂತ ಕೆಳಗಿದ್ದರೆ ಅದು ಹೊತ್ತಿಕೊಳ್ಳುವುದೇ ಇಲ್ಲ. ಅದರ ಒಳಬಾಯಿಯ ಜಾಲರಿಯನ್ನು ನೀವು ತೊಳೆಯಬಹುದು, ಅನಿಲದ ಭಾಗವನ್ನು ಮುಟ್ಟಬೇಡಿ. ಗಾಳಿಯಾಡದ ಸ್ನಾನದ ಮನೆಯೊಳಗೆ ಅದನ್ನು ಇಟ್ಟಿದ್ದರೆ ಧಾರೆಯ ಚಿಂತೆ ಬಿಟ್ಟು ಮೊದಲು ಹೊರಗೆ ಹಾಕಿಸಿ. ಅದು ಉಗುಳುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಗೀಸರಿನಿಂದ ಧಾರೆ ಚೆನ್ನಾಗಿದೆ, ಹೊಸ ಕನೆಕ್ಷನ್ ಪೈಪ್ ಹಾಕಿಯಾಯಿತು, ಮಿಕ್ಸರ್ ಸ್ವಚ್ಛವಾಗಿದೆ, ಆದರೂ ನೀರಿಲ್ಲ ಎಂದಾದರೆ ಗೋಡೆಯೊಳಗಿನ ಪೈಪು ಕಟ್ಟಿದೆ. ಸತು ಲೇಪಿಸಿದ ಹಳೆಯ ಕಬ್ಬಿಣದ (ಜಿ.ಐ.) ಪೈಪುಗಳಲ್ಲಿ ತುಕ್ಕು ಮತ್ತು ಸುಣ್ಣ ಸೇರಿ ಒಳಗಿನ ವ್ಯಾಸವನ್ನು ಅರ್ಧಕ್ಕಿಳಿಸಿದರೆ ಹರಿವು ಐದನೆಯ ಒಂದು ಭಾಗಕ್ಕಿಂತಲೂ ಕೆಳಗಿಳಿಯುತ್ತದೆ. ಅದನ್ನು ತೊಳೆದು ಸರಿಪಡಿಸಲಾಗದು, ಬದಲಿಸಬೇಕು, ಬಿಸಿನೀರಿಗೆಂದೇ ತಯಾರಾದ ಸಿ.ಪಿ.ವಿ.ಸಿ. ಅಥವಾ ಅಂಥದ್ದೇ ಪೈಪಿನಿಂದ. ತಣ್ಣೀರಿನ ಮಾಮೂಲಿ ಪಿ.ವಿ.ಸಿ. ಪೈಪು ಬಿಸಿಗೆ ಮೆತ್ತಗಾಗಿ ಜೋಡಣೆ ಬಿಡುತ್ತದೆ. ಯಾವ ನಲ್ಲಿಯೂ ತೆರೆಯದಿರುವಾಗ ಗೀಸರ್ ಪದೇಪದೇ ಕಾಯುತ್ತಿದ್ದರೆ, ನೆಲದ ಒಂದು ಜಾಗ ಕಾಲಿಗೆ ಬೆಚ್ಚಗೆ ತಾಕಿದರೆ, ಒಳಗೆ ಸೋರುತ್ತಿದೆ, ಅದನ್ನು ಮುಂದೂಡಬೇಡಿ.

ಪಂಪಿನ ಮಾತನ್ನು ಕೊನೆಗೆ ಇಟ್ಟದ್ದು ಬೇಕೆಂದೇ. ತಣ್ಣೀರಿಗೂ ಬಿಸಿನೀರಿಗೂ ಅಳತೆ ಒಂದೇ ಬಂದು, ಎರಡೂ ನಿಮಿಷಕ್ಕೆ ಐದು ಲೀಟರಿಗಿಂತ ಕಡಿಮೆಯಿದ್ದು, ದಾರಿಯಲ್ಲಿ ಯಾವ ಅಡ್ಡಿಯೂ ಇಲ್ಲದಿದ್ದರೆ ಆಗ ಪಂಪ್ ಬೇಕು. ಅದನ್ನು ಬಿಸಿ–ತಣ್ಣೀರಿನ ದಾರಿಗಳು ಕವಲಾಗುವ ಮೊದಲೇ ಕೂರಿಸಿ, ಗೀಸರಿನ ಮೈಮೇಲೆ ಬರೆದ ಗರಿಷ್ಠ ಒತ್ತಡಕ್ಕಿಂತ ಪಂಪಿನ ಒತ್ತಡ ಸಾಕಷ್ಟು ಕಡಿಮೆಯಿರಲಿ. ಕಟ್ಟಿದ ದಾರಿಗೆ ಪಂಪ್ ಹಾಕಿದರೆ ಸೊರಗಿದ ರಬ್ಬರು ಸಿಡಿಯುತ್ತದೆ, ಮನೆಯಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ.

ಮತ್ತೆ ಜೋಡಿಸಿದ ಮೇಲೆ

ಗೀಸರಿಗೆ ವಿದ್ಯುತ್ ಕೊಡುವ ಮೊದಲು ನೀರು ತುಂಬಿಸಿ. ಆಂಗಲ್ ಕಾಕ್ ತೆರೆದು, ಬಿಸಿನೀರಿನ ನಲ್ಲಿಯನ್ನೂ ತೆರೆದಿಡಿ. ಗಾಳಿ ಉಗುಳುವುದು ನಿಂತು ಧಾರೆ ಒಂದೇ ಸಮವಾದ ಮೇಲೆ ಮುಚ್ಚಿ. ನೀರಿಲ್ಲದ ಗೀಸರಿನಲ್ಲಿ ಕಾಯಿಲ್ ಕ್ಷಣದಲ್ಲಿ ಸುಟ್ಟುಹೋಗುತ್ತದೆ. ಪ್ರತಿ ಜೋಡಣೆಯ ಸುತ್ತ ಒಣ ಕಾಗದ ಸುತ್ತಿ ಹತ್ತು ನಿಮಿಷ ಬಿಡಿ, ಕಣ್ಣಿಗೆ ಕಾಣದ ಸೋರಿಕೆ ಕಾಗದದ ಮೇಲೆ ಕಾಣುತ್ತದೆ. ಕಾಗದ ಒಣಗಿಯೇ ಇದ್ದರೆ ಎಂ.ಸಿ.ಬಿ. ಹಾಕಿ, ನೀರು ಕಾದ ಮೇಲೆ ಮತ್ತೊಮ್ಮೆ ಕಾಗದ ಸುತ್ತಿ ನೋಡಿ, ಮತ್ತೊಮ್ಮೆ ಬಕೆಟ್ ಹಿಡಿದು ಅಳೆಯಿರಿ.

ಆ ದಿನ ನಮ್ಮ ಬಿಸಿನೀರು ನಿಮಿಷಕ್ಕೆ ಎಂಟೂವರೆ ಲೀಟರಿಗೆ ಬಂತು. ಅಪ್ಪ ಅಂದು ಸ್ನಾನದಿಂದ ಬೇಗ ಹೊರಬರಲೇ ಇಲ್ಲ, ನಾನೂ ಕರೆಯಲಿಲ್ಲ. ದಿನಾಂಕವನ್ನೂ ಅಳತೆಯನ್ನೂ ಒಂದು ಚೀಟಿಯಲ್ಲಿ ಬರೆದು ಗೀಸರಿನ ಪಕ್ಕದ ಗೋಡೆಗೆ ಅಂಟಿಸಿದೆ. ಆರು ತಿಂಗಳಿಗೊಮ್ಮೆ ಅಳೆದು ಅದರ ಕೆಳಗೆ ಇನ್ನೊಂದು ಸಾಲು ಸೇರಿಸುತ್ತೇನೆ. ಈಗ ಅದರಲ್ಲಿ ಏಳು ಸಾಲುಗಳಿವೆ, ಕೊನೆಯದು 7.4. ಬರುವ ಭಾನುವಾರ ಸೇಫ್ಟಿ ವಾಲ್ವ್ ಬಿಚ್ಚಿ ತಟ್ಟೆಯನ್ನು ಒತ್ತಿ ನೋಡಬೇಕು.